ಭಾನುವಾರದ ಮಾತುಕತೆ: 1836ರ ಕಂಕಣ ಗ್ರಹಣ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ಗುಂಪಿನಲ್ಲಿ ಮಾತಾಡೋಣ ಅಂದುಕೊಂಡಿರುವುದು 1836ರ ಮೇ 15ರ ಕಂಕಣ ಸೂರ್ಯಗ್ರಹಣದ ಬಗ್ಗೆ. ಅಂದರೆ ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚದೆ, ಸುತ್ತಲೂ ಬೆಳಕಿನ ಬಳೆ ಉಳಿಯುವ ಗ್ರಹಣ.

ಅಂದು ಫ್ರಾನ್ಸಿಸ್ ಬೈಲಿ ಅದನ್ನು ನೋಡಿದ್ದು ಸ್ಕಾಟ್ಲೆಂಡಿನ ಜೆಡ್‌ಬರ್ಗ್ ಊರಿನ ಹತ್ತಿರ, ಇಂಚ್ ಬಾನಿ ಎಂಬಲ್ಲಿ. ಬೈಲಿ ಲಂಡನ್ನಿನಲ್ಲಿ ಷೇರು ದಲ್ಲಾಳಿಯಾಗಿದ್ದವರು. ದುಡಿಮೆ ಬಿಟ್ಟ ಮೇಲೆ ಪೂರ್ತಿ ಆಕಾಶದ ಕಡೆ ತಿರುಗಿದರು. ಇಂಚ್ ಬಾನಿಯ ಜೇಮ್ಸ್ ವೀಚ್ ನೇಗಿಲು ಮಾಡುತ್ತಿದ್ದವರು, ದೂರದರ್ಶಕಗಳನ್ನೂ ಮಾಡುತ್ತಿದ್ದರು. ನನಗೆ ಇವರ ಮೇಲೆ ಪ್ರೀತಿ ಜಾಸ್ತಿ!

ಬಳೆ ಕೂಡಿಕೊಳ್ಳುವ ಹೊತ್ತಿಗೆ ಚಂದ್ರನ ಅಂಚಿನಲ್ಲಿ ಬೆಳಕು ಒಂದೇ ಗೆರೆಯಾಗಿ ಕಾಣಲಿಲ್ಲ. ದಾರಕ್ಕೆ ಪೋಣಿಸಿದ ಮಣಿಗಳಂತೆ ಚೂರುಚೂರಾಗಿ ಹೊಳೆಯಿತು. ಚಂದ್ರನ ಅಂಚು ನುಣುಪಾಗಿಲ್ಲ, ಅಲ್ವಾ? ಬೆಟ್ಟಗಳು ಬೆಳಕನ್ನು ತಡೆಯುತ್ತವೆ, ಕಣಿವೆಗಳು ಬಿಟ್ಟುಕೊಡುತ್ತವೆ. ಖಗೋಳಶಾಸ್ತ್ರಜ್ಞ ಎಡ್ಮಂಡ್ ಹ್ಯಾಲಿ 1715ರಲ್ಲೇ ಇಂಥದ್ದನ್ನು ಗಮನಿಸಿದ್ದರು. ಆದರೂ ‘ಬೈಲಿ ಮಣಿಗಳು’ ಎಂಬ ಹೆಸರೇ ಉಳಿಯಿತು. ಬೈಲಿ ಅಷ್ಟು ಚೆನ್ನಾಗಿ ಬರೆದಿಟ್ಟರು.

2019ರ ಡಿಸೆಂಬರ್ 26ರಂದು ಕೊಡಗಿನಲ್ಲಿ ಕಂಕಣ ನೋಡಿದವರು ನಿಮ್ಮ ಫೋಟೋ ದಯವಿಟ್ಟು ಶನಿವಾರದೊಳಗೆ ಹಾಕಿ. ಮಣಿಗಳು ಸಿಕ್ಕಿದ್ದರೆ ಅದನ್ನೇ ಮೊದಲು ನೋಡೋಣ.