ಪಿಂಚಣಿದಾರರ ಮತಕ್ಷೇತ್ರ

ನಾಳೆ ಬೆಳಿಗ್ಗೆಯೊಳಗೆ ಈ ಸಂಚಿಕೆ ಸಿದ್ಧವಾಗಬೇಕು. ಬರೆಯಲೆಂದು ಕುಳಿತಿದ್ದು ರಾಜ್ಯೋತ್ಸವದ ಬಗ್ಗೆ. ಮಗಳ ಪ್ರಶ್ನೆಯೊಂದು ಅದನ್ನು ಬದಿಗೆ ಸರಿಸಿತು. ಶಾಲೆಯವರೊಂದಿಗೆ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿರುವ ಹಾವಿಕ್ ಐತಿಹಾಸಿಕ ಗ್ರಾಮವನ್ನು ನೋಡಿ ಬಂದವಳಿಗೆ, ಈ ಭಾಗದ ಮತಕ್ಷೇತ್ರಕ್ಕೆ ಹಿಂದೆ ‘ಪೆನ್ಷನರ್ ಸೆಟ್ಲ್‌ಮೆಂಟ್ಸ್’ ಎಂಬ ಹೆಸರಿತ್ತೆಂದು ನಾನು ಹೇಳಿದಾಗ, “ಹಾಗಾದರೆ ಅಲ್ಲಿ ಎಲ್ಲರೂ ಮುತ್ತಜ್ಜನ ತರದವರೇನಪ್ಪಾ?” ಎಂದು ಕೇಳಿದಳು.

ಒಂದು ಅರ್ಥದಲ್ಲಿ ಹೌದು. ಈ ದೇಶದ ಉತ್ತರ ಭಾಗದಲ್ಲಿ 1845–46ರಲ್ಲಿ ನಡೆದ ಯುದ್ಧದ ಬಳಿಕ ಆಕ್ಲೆಂಡಿನ ಕಾವಲಿಗೆಂದು ಬ್ರಿಟಿಷ್ ಸರ್ಕಾರವು ಪಿಂಚಣಿ ಪಡೆಯುತ್ತಿದ್ದ ಸೈನಿಕರನ್ನು 1847ರಿಂದ 1852ರವರೆಗೆ ಸಂಸಾರಸಮೇತ ಹಡಗು ಹತ್ತಿಸಿ ತಂದು, ಒನೆಹುಂಗಾ, ಹಾವಿಕ್, ಪ್ಯಾನ್‌ಮ್ಯೂರ್ ಮತ್ತು ಒಟಾಹುಹುಗಳಲ್ಲಿ ನೆಲೆಗೊಳಿಸಿತು. ಫೆನ್ಸಿಬಲ್ಸ್ ಎಂದೇ ಹೆಸರಾದ ಇವರು ಏಳು ವರ್ಷ ಕರೆದಾಗ ಬರುವ ಷರತ್ತಿಗೆ ಒಪ್ಪಿದ್ದರು. ಪ್ರತಿಯಾಗಿ ಒಂದು ಪುಟ್ಟ ಮನೆ, ಒಂದು ಎಕರೆ ನೆಲ. ಭಾನುವಾರ ಚರ್ಚಿಗೆ ಹೋಗುವುದೂ ಕವಾಯತಿನ ಹಾಜರಿಯೇ ಆಗಿತ್ತು.

ಹಾಜರಿ ಎಂದೊಡನೆ ನಮ್ಮಜ್ಜನೇ ಕಣ್ಣಮುಂದೆ ನಿಲ್ಲುತ್ತಾರೆ. ನಿವೃತ್ತ ಶಾಲಾಮಾಸ್ತರರಾದ ಅವರು ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ತೋರಿಸಿಕೊಳ್ಳಲು ಉಪಖಜಾನೆಗೆ ಹೋಗಬೇಕಿತ್ತು. ಹಿಂದಿನ ರಾತ್ರಿಯೇ ಕೋಟಿಗೆ ಇಸ್ತ್ರಿ ಹಾಕಿಸಿ, ಪಿಂಚಣಿ ಪುಸ್ತಕವನ್ನು ಪಂಚೆಯ ತುಂಡಿನಲ್ಲಿ ಸುತ್ತಿಟ್ಟುಕೊಂಡು, ಮೊದಲ ಬಸ್ಸಿಗೆ ನನ್ನನ್ನೂ ಹೊರಡಿಸುತ್ತಿದ್ದರು. ಗುಮಾಸ್ತರು ತಲೆಯೆತ್ತದೆ ಮುದ್ರೆ ಒತ್ತಿದ ವರ್ಷ, “ಮುಖ ನೋಡಿ ಒತ್ತಿ ಸ್ವಾಮಿ, ನೋಡುವುದಕ್ಕೇ ಅಲ್ಲವೇ ಕರೆಸಿದ್ದು” ಎಂದು ಅಲ್ಲಿಯೇ ನಿಂತುಬಿಟ್ಟಿದ್ದರು. ಮರಳುವಾಗ ಹೋಟೆಲಿನಲ್ಲಿ ನನಗೆ ಮಸಾಲೆದೋಸೆ, ಅವರಿಗೆ ಅರ್ಧ ಕಾಫಿ.

1853ರಲ್ಲಿ ಮೊದಲ ಸಂಸತ್ತಿಗಾಗಿ ರಚಿಸಿದ 24 ಕ್ಷೇತ್ರಗಳಲ್ಲಿ ಈ ಪಿಂಚಣಿದಾರರ ಪಾಲಿಗೆ ಬಂದದ್ದು ಒಂದು, ಅದಕ್ಕೆ ಇಬ್ಬರು ಸದಸ್ಯರು. ಮತವು ಆಸ್ತಿಯುಳ್ಳ ಗಂಡಸರಿಗಷ್ಟೇ. ನೆಲವನ್ನು ಸಮುದಾಯವಾಗಿ ಹೊಂದಿದ್ದ ಇಲ್ಲಿನ ಮೂಲನಿವಾಸಿ ಮಾವೊರಿಗಳಲ್ಲಿ ಹೆಚ್ಚಿನವರು ಹೀಗೆ ಹೊರಗುಳಿದರು. 1870ರವರೆಗೆ ಗುಪ್ತ ಮತದಾನವಿರಲಿಲ್ಲವಾದ್ದರಿಂದ ಅಭ್ಯರ್ಥಿ ಯಾರೆಂದು ಎಲ್ಲರೆದುರೇ ತಿಳಿಸಬೇಕಿತ್ತು. ವಾರವಾರ ಹಾಜರಿ ತೆಗೆದುಕೊಳ್ಳುವ ಅಧಿಕಾರಿಯ ಕಿವಿಗೂ ಅದು ಬೀಳುವಂತಿದ್ದರೆ ಅಂಥ ಮತ ಎಷ್ಟು ಸ್ವತಂತ್ರವಾಗಿದ್ದೀತೋ ಎಂಬ ಅನುಮಾನ ನನಗಿದೆ. 1855ರಲ್ಲಿ ಇಲ್ಲಿಂದ ಆಯ್ಕೆಯಾದ ಜಾನ್ ವಿಲಿಯಮ್ಸನ್ ಮರುವರ್ಷ ಆಕ್ಲೆಂಡ್ ಪ್ರಾಂತ್ಯದ ಮುಖ್ಯಸ್ಥರೂ ಆದರು. ಅಷ್ಟರಲ್ಲಿ ಮೊದಲು ಬಂದವರ ಏಳು ವರ್ಷ ಮುಗಿದಿತ್ತು. 1860ಕ್ಕೆ ಕ್ಷೇತ್ರವೂ ಮುಗಿಯಿತು. ಒನೆಹುಂಗಾ ತನ್ನದೇ ಹೆಸರಿನ ಕ್ಷೇತ್ರವಾಯಿತು. ಇಂದು ಕಾಯಂ ನಿವಾಸಿಗಳಾದ ನಾವು, ಪೌರತ್ವವಿಲ್ಲದೆಯೂ, ಆ ಊರುಗಳಲ್ಲೇ ಮತ ಹಾಕುತ್ತೇವೆ.

ರಾಜ್ಯೋತ್ಸವಕ್ಕೆ ತಿಂಡಿ ತರುವವರು ಈ ವಾರವೇ ತಿಳಿಸಬೇಕು. ಮಕ್ಕಳ ನಾಟಕದ ಅಭ್ಯಾಸ ಎಂದಿನಂತೆ ಭಾನುವಾರ. ಚಂದಾ ಬಾಕಿಯವರಿಗೆ ಬೇರೆ ಹೇಳಬೇಕಿಲ್ಲ. ಕರಡು ತಿದ್ದಲು ಒಬ್ಬರಾದರೂ ಸಿಗದಿದ್ದರೆ ಮುಂದಿನ ಸಂಚಿಕೆ ತಡವಾಗುವುದು ಖಂಡಿತ. ಕನ್ನಡ ತರಗತಿಯ ಮಕ್ಕಳಿಗೆ ಆ ಪಿಂಚಣಿದಾರರ ಮನೆಗಳನ್ನು ತೋರಿಸಬೇಕೆಂದಿದ್ದೇನೆ. ನನ್ನ ಕಾರಿನಲ್ಲಿ ಮೂವರಿಗಷ್ಟೇ ಜಾಗವಿದೆ, ಇನ್ನೆರಡು ಕಾರು ಬೇಕು.