ಹಾಲೂಡಿಸಲು ಬಂದ ತಾಯಿಯಿಂದ ‘ಭೇಟಿ ಶುಲ್ಕ’: ಶಿಶುಪಾಲನಾ ಸಂಸ್ಥೆಗೆ ದೂರು ಪತ್ರ

ಇವರಿಗೆ,
ವ್ಯವಸ್ಥಾಪಕರು, ಶಿಶುಪಾಲನಾ ಕೇಂದ್ರ

ವಿಷಯ: ತಾಯಂದಿರ ಭೇಟಿಗೆ ಶುಲ್ಕ ವಿಧಿಸುತ್ತಿರುವುದು ಮತ್ತು ಸಿಬ್ಬಂದಿಯ ವರ್ತನೆ

ಮಾನ್ಯರೇ,

ನಾನು ದುಡಿಯುವ ಕಂಪನಿ ತನ್ನ ನೌಕರರ ಮಕ್ಕಳ ಪಾಲನೆಯನ್ನು ನಿಮ್ಮ ಸಂಸ್ಥೆಗೆ ಗುತ್ತಿಗೆ ಕೊಟ್ಟಿದೆ. ಕಂಪನಿ ಕೊಡುವ ಪಾಲಲ್ಲದೆ ನಾವೂ ತಿಂಗಳು ತಿಂಗಳು ಶುಲ್ಕ ಕಟ್ಟುತ್ತೇವೆ. ಇಷ್ಟು ಸಾಲದೆಂಬಂತೆ, ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಮಗುವನ್ನು ನೋಡಲು ಬರುವ ತಾಯಂದಿರಿಂದ ಈಗ ‘ಭೇಟಿ ಶುಲ್ಕ’ ವಸೂಲಿ ಮಾಡುತ್ತಿದ್ದೀರಿ. ಫೋನ್ ಮಾಡಿ ವಿನಯದಿಂದ ಕೇಳಿದಾಗಲೆಲ್ಲ ‘ಮೇಲಿನವರಿಗೆ ತಿಳಿಸುತ್ತೇವೆ’ ಎಂಬ ಉತ್ತರವಷ್ಟೇ ಸಿಕ್ಕಿತು.

ಕಳೆದ ಸೋಮವಾರ ಮಧ್ಯಾಹ್ನದ ಬಿಡುವಿನಲ್ಲಿ ಹಾಲೂಡಿಸಲು ಬಂದೆ. ನಿಮ್ಮ ಮೇಲ್ವಿಚಾರಕಿ ರಿಜಿಸ್ಟರ್ ತೆರೆದು, ಬೆಳಿಗ್ಗೆ ನಾನು ಮಾಡಿದ್ದ ಸಹಿಯ ಮೇಲೆ ಬೆರಳಿಟ್ಟು, “ಇದು ಎರಡನೇ ಭೇಟಿ, ಮೊದಲು ದುಡ್ಡು ಕಟ್ಟಿ” ಎಂದರು. ಒಳಗೆ ಅಳುತ್ತಿರುವುದು ನನ್ನ ಮಗು ಎಂದೆ. “ಎಲ್ಲಾ ಮಕ್ಕಳೂ ಅಳ್ತಾವೆ” ಎಂದರು. ಸಂಬಳ ಬಂದ ಕೂಡಲೇ ಕಟ್ಟುತ್ತೇನೆ, ಈಗ ಒಳಗೆ ಬಿಡಿ ಎಂದು ಕೈ ಮುಗಿದೆ. ಆಗ ಅವರು ಪಕ್ಕದಲ್ಲಿ ನಿಂತಿದ್ದ ಪೋಷಕರಿಗೆಲ್ಲ ಕೇಳುವಂತೆ, “ಕಟ್ಟೋಕಾಗಲ್ಲ ಅಂದ್ರೆ ಕೆಲಸ ಬಿಟ್ಟು ಮನೇಲೇ ಮಗು ನೋಡ್ಕೋಬಹುದಲ್ವಾ?” ಎಂದರು. ಯಾರೂ ಮಾತಾಡಲಿಲ್ಲ. ಎದೆಹಾಲು ಸೋರಿ ರವಿಕೆ ಒದ್ದೆಯಾಗಿತ್ತು. ಅಷ್ಟು ಜನರ ಮುಂದೆ ಸೆರಗು ಎಳೆದುಕೊಂಡು ನಿಂತೆ. ಬಿಡುವು ಮುಗಿಯಿತು, ಮಗುವಿನ ಮುಖವನ್ನೂ ನೋಡದೆ ಕೆಲಸಕ್ಕೆ ಹಿಂದಿರುಗಿದೆ.

50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಒದಗಿಸಬೇಕು, ತಾಯಿಗೆ ದಿನಕ್ಕೆ 4 ಭೇಟಿಗಳಿಗೆ ಅವಕಾಶ ಕೊಡಬೇಕು ಎಂದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಹೇಳಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಇದು ನಿಮಗೆ ಗೊತ್ತಿಲ್ಲವೆಂದರೆ ನಾನು ನಂಬುವುದಿಲ್ಲ, ಏಕೆಂದರೆ ಈ ನಿಯಮ ಇರುವುದರಿಂದಲೇ ನಿಮ್ಮಂಥವರಿಗೆ ಇಂಥ ಗುತ್ತಿಗೆಗಳು ಸಿಗುತ್ತಿವೆ. ಕಾನೂನು ಕೊಟ್ಟ ಭೇಟಿಯನ್ನು ನೀವು ನಮಗೇ ಮಾರುತ್ತಿದ್ದೀರಿ. ಹೆಚ್ಚು ಸಂಬಳದವರು ಹೇಗೋ ಕಟ್ಟಿಯಾರು. ಕಡಿಮೆ ಸಂಬಳದ ತಾಯಿ ಒಂದೋ ಹಾಲೂಡಿಸುವುದನ್ನು ಬಿಡಬೇಕು, ಇಲ್ಲವೇ ಕೆಲಸ ಬಿಡಬೇಕು. ನಮ್ಮ ವಿಭಾಗದ ಸಹೋದ್ಯೋಗಿಯೊಬ್ಬರು ಈಗಾಗಲೇ ರಾಜೀನಾಮೆ ಕೊಟ್ಟಿದ್ದಾರೆ.

ಭೇಟಿ ಶುಲ್ಕವನ್ನು ರದ್ದುಪಡಿಸಿ, ಈವರೆಗೆ ಪಡೆದ ಹಣವನ್ನು ಎಲ್ಲ ತಾಯಂದಿರಿಗೂ ಹಿಂದಿರುಗಿಸಿ, ಮೇಲ್ವಿಚಾರಕಿಯ ಮಾತಿಗೆ ಲಿಖಿತ ಕ್ಷಮೆ ಕೇಳಬೇಕು. 7 ದಿನಗಳೊಳಗೆ ಇದಾಗದಿದ್ದರೆ ರಸೀದಿಗಳ ಸಮೇತ ಕಾರ್ಮಿಕ ಇಲಾಖೆಗೂ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡುತ್ತೇನೆ. ಆಯೋಗದ ಮುಂದೆ ವಕೀಲರಿಲ್ಲದೆ ನಾನೇ ವಾದಿಸಬಹುದು, ವಾದಿಸುತ್ತೇನೆ. ಶುಲ್ಕ ಕಟ್ಟಿದ ಇತರ ತಾಯಂದಿರೂ ಸಹಿ ಹಾಕಲು ಒಪ್ಪಿದ್ದಾರೆ. ಈ ಪತ್ರದ ಪ್ರತಿಯನ್ನು ನಮ್ಮ ಕಂಪನಿಯ ಆಡಳಿತಕ್ಕೂ ಕಳುಹಿಸಿದ್ದೇನೆ. ನಿಮ್ಮ ಗುತ್ತಿಗೆಯನ್ನು ನವೀಕರಿಸಬಾರದೆಂದು ಅದರೊಂದಿಗೆ ಅವರನ್ನು ಕೋರಿದ್ದೇನೆ.

ಇಂತಿ,
ನಿಮ್ಮ ಕೇಂದ್ರದಲ್ಲಿರುವ ಮಗುವೊಂದರ ತಾಯಿ