ಅಳೆಯದೆ ನಾಲ್ಕೂ ಟೈರ್ ಬದಲಿಸಿ ಎಂದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಕಾರ್ ಸರ್ವಿಸ್ ಸೆಂಟರ್, ಶಿವಮೊಗ್ಗ

ವಿಷಯ: ತಪ್ಪು ರಿಪೇರಿ ಸಲಹೆ, ಮತ್ತು ನನ್ನ ಅನುಮತಿ ಇಲ್ಲದೆ ನನ್ನ ಮಗನಿಗೆ ಫೋನ್ ಮಾಡಿದ್ದು

ಮಾನ್ಯರೇ,

ಫೋನಿನಲ್ಲಿ ಹೇಳಿ ನೋಡಿದೆ. ಪ್ರತಿ ಸಲ "ಮ್ಯಾನೇಜರ್ ಕಾಲ್ ಮಾಡ್ತಾರೆ" ಎಂಬ ಉತ್ತರ ಬಂತು, ಕಾಲ್ ಮಾತ್ರ ಬರಲಿಲ್ಲ. ಹಾಗಾಗಿ ಬರೆದು ಕೊಡುತ್ತಿದ್ದೇನೆ.

ಕಳೆದ ತಿಂಗಳು ಸರ್ವಿಸ್‌ಗೆ ಬಿಟ್ಟಾಗ ನಿಮ್ಮ ಅಡ್ವೈಸರ್ ಕೊಟ್ಟ ಎಸ್ಟಿಮೇಟ್ ಇದರ ಜೊತೆಗಿದೆ. ನಾಲ್ಕು ಹೊಸ ಟೈರ್, ಎರಡೂ ಕಡೆ ಲೋವರ್ ಆರ್ಮ್ (ಚಕ್ರವನ್ನು ಗಾಡಿಗೆ ಹಿಡಿದಿಡುವ ಭಾಗ), ಬ್ಯಾಲೆನ್ಸಿಂಗ್, ನೈಟ್ರೋಜನ್. ಒಟ್ಟು 34,000 ರೂಪಾಯಿ ಚಿಲ್ಲರೆ.

ಅಡ್ವೈಸರ್ ನನ್ನನ್ನು ಕೂರಿಸಿ ಹೇಳಿದ್ದು ಇಷ್ಟು: "ಅಂಕಲ್, ನಾಲ್ಕೂ ಟೈರ್ ಹೋಗಿದೆ. ಎಕ್ಸ್‌ಪೈರಿ ಬೇರೆ ಆಗಿದೆ. ಈ ಗಾಡೀಲಿ ಊರು ದಾಟ್ಬೇಡಿ." ಟೈರಿನ ಗೀರುಗಳ ಆಳ ಅಳೆಯುವ ಗೇಜ್ ಇಟ್ಟು ತೋರಿಸಿ ಎಂದೆ. "ದಿನಾ ನೋಡ್ತೀವಿ ಅಂಕಲ್, ಕಣ್ಣಲ್ಲೇ ಗೊತ್ತಾಗುತ್ತೆ" ಎಂದರು. ಹಿಂದಿನ ಟೈರ್ ಚೆನ್ನಾಗಿದೆಯಲ್ಲ, ಒಮ್ಮೆ ಕೈಯಾಡಿಸಿ ನೋಡಿ ಎಂದೆ. ಅವರು ಎದ್ದೇಳಲಿಲ್ಲ. "ನಿಮಗೆ ಇದೆಲ್ಲ ಗೊತ್ತಾಗಲ್ಲ, ಮಗನ ನಂಬರ್ ಕೊಡಿ, ನಾನೇ ಮಾತಾಡ್ತೀನಿ" ಎಂದರು. ಕಾರು ನನ್ನ ಹೆಸರಲ್ಲಿದೆ, ದುಡ್ಡು ಕೊಡುವವನೂ ನಾನೇ, ಮಗನ ನಂಬರ್ ಬೇಕಿಲ್ಲ ಎಂದೆ.

ಕಂಪ್ಯೂಟರಿನಲ್ಲಿ ಆ ನಂಬರ್ ಮೊದಲೇ ಇತ್ತು. ನನ್ನೆದುರೇ ಡಯಲ್ ಮಾಡಿ ಸ್ಪೀಕರ್‌ಗೆ ಹಾಕಿದರು. "ಸರ್, ಫಾದರ್‌ಗೆ ಅರ್ಥ ಆಗ್ತಿಲ್ಲ. ಟೈರ್ ಬರ್ಸ್ಟ್ ಆದ್ರೆ ಆಮೇಲೆ ನಮ್ಮನ್ನ ಕೇಳ್ಬೇಡಿ." ಕಾಯುತ್ತಾ ಕೂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಒಬ್ಬರು ಕಾಫಿ ಲೋಟ ಬಾಯಿ ಹತ್ತಿರ ಹಿಡಿದುಕೊಂಡೇ ನೋಡುತ್ತಿದ್ದರು. ಬೆಂಗಳೂರಲ್ಲಿ ಆಫೀಸಿನಲ್ಲಿದ್ದ ನನ್ನ ಮಗ ಗಾಬರಿಯಾಗಿ, "ಅಪ್ಪ, ದುಡ್ಡು ನಾನು ಹಾಕ್ತೀನಿ, ಮಾಡಿಸಿಬಿಡಿ" ಎಂದ. ನಾನು ದುಡ್ಡಿಲ್ಲ ಎಂದು ಯಾವಾಗ ಹೇಳಿದ್ದೆ? ಕೇಳಿದ್ದು ಒಂದು ಗೇಜ್ ಮಾತ್ರ. ಅದನ್ನು ತರಲು ಆಗದವರು ಜಾಬ್ ಕಾರ್ಡ್ ಮಾತ್ರ ತಕ್ಷಣ ತಂದರು. "ಸಲಹೆ ಕೊಟ್ಟರೂ ಗ್ರಾಹಕರು ನಿರಾಕರಿಸಿದ್ದಾರೆ" ಎಂದು ಅದರಲ್ಲಿ ಬರೆದು ಸಹಿ ಹಾಕಿಸಿಕೊಂಡರು. ಸಹಿ ಹಾಕಿದ ಮೇಲೇ ಕೀ ಕೊಟ್ಟಿದ್ದು.

ಅಲ್ಲಿಂದ ನೇರವಾಗಿ ಒಂದು ಟೈರ್ ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ಕೇಳುವ ಮೊದಲೇ ಡೆಪ್ತ್ ಗೇಜ್ ತಂದು ಪ್ರತಿ ಟೈರಿನ ಒಳಗೆ, ಮಧ್ಯೆ, ಹೊರಗೆ ಮೂರು ಕಡೆ ಇಟ್ಟು ತೋರಿಸಿದ. ಹಿಂದಿನ ಎರಡೂ ಟೈರ್ ಎಲ್ಲಾ ಕಡೆ 5 ಮಿ.ಮೀ. ಮುಂದಿನವು ಹೊರಗೆ 4 ಮಿ.ಮೀ., ಆದರೆ ಒಳ ಅಂಚಿನಲ್ಲಿ 1.6ಕ್ಕೆ ಬಂದಿದ್ದವು. ನಮ್ಮಲ್ಲಿ ಕಾರಿನ ಟೈರಿಗೆ ಕಾನೂನಿನ ಕನಿಷ್ಠ ಆಳ 1.6 ಮಿ.ಮೀ. ಅದನ್ನು ತೋರಿಸಲೆಂದೇ ಟೈರಿನ ಗೀರುಗಳ ಮಧ್ಯೆ ಸಣ್ಣ ಉಬ್ಬುಗಳನ್ನು ಮಾಡಿರುತ್ತಾರೆ. ಅಂದರೆ ಮುಂದಿನ ಎರಡು ಬದಲಾಯಿಸಬೇಕಿತ್ತು, ಅದು ನಿಜ. ಹಿಂದಿನ ಎರಡಕ್ಕೆ ಏನಾಗಿತ್ತು?

ಇನ್ನು ಎಕ್ಸ್‌ಪೈರಿ. ಟೈರಿನ ಪಕ್ಕದಲ್ಲಿ 1822 ಎಂದಿದೆ. 2022ರ 18ನೇ ವಾರದಲ್ಲಿ ತಯಾರಾಗಿದ್ದು ಎಂದರ್ಥ. ಅದು ಹುಟ್ಟಿದ ದಿನ, ಸಾಯುವ ದಿನ ಅಲ್ಲ. 5 ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಎಂದು ಟೈರ್ ಕಂಪನಿಯವರೇ ಹೇಳುತ್ತಾರೆ. ಇದು ನಿಮ್ಮ ಅಡ್ವೈಸರ್‌ಗೆ ಗೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ.

ಲೋವರ್ ಆರ್ಮ್ ಕೂಡ ನೋಡಿಸಿದೆ. ಜಾಕ್ ಹಾಕಿ, ಚಕ್ರ ಹಿಡಿದು ಅಲ್ಲಾಡಿಸಿ, ಅದರ ರಬ್ಬರ್ ಬುಷ್‌ಗೆ ಲಿವರ್ ಕೊಟ್ಟು ನೋಡಿದರು. ಸ್ವಲ್ಪವೂ ಪ್ಲೇ, ಅಂದರೆ ಸಡಿಲ, ಇಲ್ಲ.

ಈಗ ಮುಖ್ಯ ವಿಷಯ. ಮುಂದಿನ ಟೈರ್ ಒಳ ಅಂಚಿನಲ್ಲೇ ಸವೆದಿದ್ದು ಯಾಕೆ? ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲಬೇಕಾದ ಕೋನ, ಔಟ್ ಆಗಿತ್ತು. ಮುಂದಿನ ಚಕ್ರಗಳು ಹೊರಕ್ಕೆ ತಿರುಗಿಕೊಂಡಿದ್ದವು, ಮಷಿನಿನ ಪ್ರಿಂಟ್‌ನಲ್ಲಿ ಆ ತಿರುವನ್ನು ತೋರಿಸುವ ಟೋ ಅಂಕಿ ಕೆಂಪಾಗಿ ಬಂದಿದೆ. ಅದರ ಪ್ರತಿಯನ್ನೂ ಇಟ್ಟಿದ್ದೇನೆ. ಇದಕ್ಕೂ ಹಿಂದಿನ ಸರ್ವಿಸ್ ಬಿಲ್ಲಿನಲ್ಲಿ ನೀವು ವೀಲ್ ಅಲೈನ್‌ಮೆಂಟ್‌ಗೆ ದುಡ್ಡು ತೆಗೆದುಕೊಂಡಿದ್ದೀರಿ. ಆಗ ಪ್ರಿಂಟ್ ಕೊಡಲಿಲ್ಲ, ಕೇಳಿದರೆ ಸಿಸ್ಟಮ್‌ನಲ್ಲಿಲ್ಲ ಎನ್ನುತ್ತಾರೆ. ಗುಂಡಿಗೆ ಬಿದ್ದು ಮತ್ತೆ ಔಟ್ ಆಗಿರಬಹುದು ಎಂದು ಫೋನಿನಲ್ಲಿ ವಾದಿಸಿದರು. ಆಗಿರಬಹುದು, ತೀರ್ಥಹಳ್ಳಿ ಕಡೆ ಓಡಾಡುವವನು ನಾನು. ಹಾಗಿದ್ದರೆ ನಿಮ್ಮ ಎಸ್ಟಿಮೇಟ್‌ನ ಮೊದಲ ಸಾಲಿನಲ್ಲಿ ಅಲೈನ್‌ಮೆಂಟ್ ಇರಬೇಕಿತ್ತು ಅಲ್ವಾ? ಇಡೀ ಹಾಳೆಯಲ್ಲಿ ಅದಿಲ್ಲ. ನಿಮ್ಮ ಮಾತು ಕೇಳಿದ್ದರೆ ಹೊಸ ಟೈರನ್ನೂ ಅದೇ ಚಕ್ರಗಳು ಅದೇ ರೀತಿ ತಿಂದು ಹಾಕುತ್ತಿದ್ದವು. ಮುಂದಿನ ವರ್ಷ ಮತ್ತೆ ಇದೇ ಎಸ್ಟಿಮೇಟ್ ನನ್ನ ಕೈಗೆ ಬರುತ್ತಿತ್ತು.

ಟೈರ್ ಅಂಗಡಿಯವರು ಎರಡೇ ಹೊಸದು ಹಾಕಿದರು. ಅವನ್ನೂ ಹಿಂದಕ್ಕೆ ಹಾಕಿ, ಹಿಂದಿದ್ದ ಒಳ್ಳೆಯದನ್ನು ಮುಂದಕ್ಕೆ ತಂದರು. ಮಳೆಯಲ್ಲಿ ಹಿಂದಿನ ಚಕ್ರ ಜಾರಿದರೆ ಗಾಡಿ ಕೈಗೆ ಸಿಗಲ್ಲ ಎಂದು ಕಾರಣವನ್ನೂ ಹೇಳಿದರು. ಅಲೈನ್‌ಮೆಂಟ್ ಸೇರಿ ಆದದ್ದು 12,000ದೊಳಗೆ. ನನಗೆ ಅರ್ಥವೂ ಆಯಿತು. ಮಗನ ನಂಬರ್ ಯಾರೂ ಕೇಳಲಿಲ್ಲ.

ಹಿಂದಿನ ಅಲೈನ್‌ಮೆಂಟ್ ಮಾಡಿದ್ದಕ್ಕೆ ದಾಖಲೆ ಕೊಡಿ, ಇಲ್ಲವೇ ದುಡ್ಡು ವಾಪಸ್ ಕೊಡಿ. ನನ್ನ ಮಗನ ನಂಬರನ್ನು ನಿಮ್ಮ ಕಂಪ್ಯೂಟರಿನಿಂದ ತೆಗೆಯಿರಿ. ಜಾಬ್ ಕಾರ್ಡ್‌ನ ಆ ಸಾಲನ್ನು ರದ್ದು ಮಾಡಿ ಬರೆದು ಕೊಡಿ, ನಾಳೆ ಏನಾದರೂ ಆದರೆ ಅದನ್ನೇ ನನಗೆ ತೋರಿಸುತ್ತೀರಿ ಎಂದು ನನಗೆ ಗೊತ್ತು.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ನಾನು ನಿವೃತ್ತ, ಪ್ರತಿ ವಿಚಾರಣೆಗೂ ಬರಲು ನನಗೆ ಸಮಯವಿದೆ. ಕಾರು ಕಂಪನಿಯ ಮುಖ್ಯ ಕಚೇರಿಗೆ ಈ ಪತ್ರದ ಪ್ರತಿಯನ್ನು ಇವತ್ತೇ ಕಳಿಸುತ್ತಿದ್ದೇನೆ. ಬಿಚ್ಚಿದ ಆ ಎರಡು ಟೈರ್ ಮನೆಯಲ್ಲೇ ಇವೆ. ಅವನ್ನು ಆಯೋಗದ ಮುಂದೆ ಇಡಿಸಿ, ನಿಮ್ಮ ಅಡ್ವೈಸರ್ ಕೈಗೆ ಗೇಜ್ ಕೊಟ್ಟು ಅಲ್ಲೇ ಅಳೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಕಾರಿನ ಮಾಲೀಕ